ಜಾವಾ 17 ಸರ್ಟಿಫಿಕೇಶನ್ ತಯಾರಿ: ಗಡಿಯಾರ ಇಟ್ಟುಕೊಂಡ ಹಂತ

ಸದ್ಯದ ಸ್ಥಿತಿ: ಸಿಲಬಸ್ ಒಂದು ಸುತ್ತು ಮುಗಿದಿದೆ. ಮಾಡ್ಯೂಲ್ (ಪ್ಯಾಕೇಜುಗಳನ್ನು ಒಟ್ಟುಗೂಡಿಸುವ ವ್ಯವಸ್ಥೆ), ಕನ್‌ಕರೆನ್ಸಿ (ಏಕಕಾಲಕ್ಕೆ ಹಲವು ಕೆಲಸ ನಡೆಸುವುದು) ಎರಡೂ ಮರುಓದಿಗೆ ಬಾಕಿ. ಇನ್ನು ಮುಂದಿನ ಅಭ್ಯಾಸವೆಲ್ಲ ಸಮಯ ಕಟ್ಟಿಕೊಂಡೇ.

ಒರಾಕಲ್ ಕಂಪನಿಯ ಜಾವಾ 17 ಪರೀಕ್ಷೆಯಲ್ಲಿ (ಕೋಡ್ 1Z0-829) 50 ಪ್ರಶ್ನೆ, 90 ನಿಮಿಷ. ಪಾಸಾಗಲು ಶೇ 68, ಅಂದರೆ 34 ಸರಿಯುತ್ತರ. ಪ್ರಶ್ನೆಯೊಂದಕ್ಕೆ 108 ಸೆಕೆಂಡ್ ಸಿಗುತ್ತದೆ. ಅದನ್ನು ಹೀಗೆ ಹಂಚಿದ್ದೇವೆ: ಮೊದಲ ಸುತ್ತಿಗೆ 65 ನಿಮಿಷ, ಗುರುತು ಹಾಕಿಟ್ಟವಕ್ಕೆ 20, ಖಾಲಿ ಉಳಿದವನ್ನು ತುಂಬಲು 5. 25ನೇ ಪ್ರಶ್ನೆ ದಾಟುವಾಗ 57 ನಿಮಿಷ ಕೈಯಲ್ಲಿರಬೇಕು. ತಪ್ಪುತ್ತರಕ್ಕೆ ಅಂಕ ಕಡಿತವಿಲ್ಲ, ಹಾಗಾಗಿ ಯಾವುದನ್ನೂ ಖಾಲಿ ಬಿಡಬಾರದು.

ಕೋಡ್ ಓದುವ ಮೊದಲು ಆಯ್ಕೆಗಳನ್ನು ನೋಡಿ. ‘ಕಂಪೈಲ್ ಆಗುವುದಿಲ್ಲ’ ಎಂಬ ಆಯ್ಕೆ ಇದ್ದರೆ ತಲೆಯಲ್ಲಿ ಪ್ರೋಗ್ರಾಂ ಓಡಿಸಲು ಹೋಗಬೇಡಿ, ಮೊದಲು ದೋಷ ಹುಡುಕಿ. ಲ್ಯಾಂಬ್ಡಾ (ಹೆಸರಿಲ್ಲದ ಪುಟ್ಟ ಫಂಕ್ಷನ್) ಒಳಗೆ ಬಳಸಿದ ಲೋಕಲ್ ವೇರಿಯಬಲ್‌ಗೆ ಮುಂದೆಲ್ಲೋ ಬೆಲೆ ಬದಲಾಗಿದೆಯೇ? ಚೆಕ್ಡ್ ಎಕ್ಸೆಪ್ಶನ್ (ಹಿಡಿಯಲೇಬೇಕಾದ ಅಥವಾ ಘೋಷಿಸಲೇಬೇಕಾದ ದೋಷ) ಹಾಗೇ ಬಿಟ್ಟಿದ್ದಾರೆಯೇ? ಸ್ವಿಚ್ ಎಕ್ಸ್‌ಪ್ರೆಶನ್‌ನಲ್ಲಿ (ಬೆಲೆಯೊಂದನ್ನು ಕೊಡುವ ಸ್ವಿಚ್) ಡೀಫಾಲ್ಟ್ ಇಲ್ಲದೆ ಯಾವುದಾದರೂ ಕೇಸ್ ತಪ್ಪಿದೆಯೇ? ಸೀಲ್ಡ್ ಕ್ಲಾಸಿನ (ಯಾರು ವಿಸ್ತರಿಸಬಹುದೆಂದು ಮಿತಿ ಹಾಕಿದ ಕ್ಲಾಸ್) ಮಗುವಿಗೆ ಫೈನಲ್, ಸೀಲ್ಡ್, ನಾನ್-ಸೀಲ್ಡ್ ಮೂರರಲ್ಲಿ ಒಂದು ಇದೆಯೇ? (ಸೀಲ್ಡ್ ಇಂಟರ್‌ಫೇಸಿನ ಮಗು ರೆಕಾರ್ಡ್, ಅಂದರೆ ದತ್ತಾಂಶ ಹಿಡಿಯುವ ಕ್ಲಾಸ್, ಆಗಿದ್ದರೆ ಅದು ತಾನೇ ಫೈನಲ್, ಅದಕ್ಕೆ ಬರೆಯಬೇಕಿಲ್ಲ. ಇಲ್ಲಿ ಬಹಳ ಜನ ಜಾರುತ್ತಾರೆ.) ಆದರೆ ತುಣುಕು ಕೋಡಿನಲ್ಲಿ ಇಂಪೋರ್ಟ್ ಕಾಣದಿದ್ದರೆ ಅದು ದೋಷವಲ್ಲ. ಪ್ರಶ್ನೆ ಆ ಬಗ್ಗೆ ಕೇಳದಿದ್ದರೆ ಇಂಪೋರ್ಟ್ ಇದೆ ಎಂದೇ ತಿಳಿಯಬೇಕು.

ಸರಿಯಾಗಿ ಕಂಪೈಲ್ ಆದ ಕೋಡಿನಲ್ಲೂ ಬಲೆಗಳಿರುತ್ತವೆ. 127 ಇರುವ ಎರಡು ಇಂಟಿಜರ್‌ಗಳನ್ನು == ಹಾಕಿ ಹೋಲಿಸಿದರೆ ಟ್ರೂ, 128 ಇದ್ದರೆ ಸಾಮಾನ್ಯವಾಗಿ ಫಾಲ್ಸ್. ಆಟೋಬಾಕ್ಸಿಂಗ್ (ಸರಳ ಸಂಖ್ಯೆಯನ್ನು ಇಂಟಿಜರ್ ವಸ್ತುವಾಗಿ ತಾನೇ ಬದಲಿಸುವುದು) -128ರಿಂದ 127ರವರೆಗಿನ ವಸ್ತುಗಳನ್ನು ಕ್ಯಾಶ್‌ನಿಂದ ಕೊಡುವುದೇ ಕಾರಣ. 10, 20, 1 ಇರುವ ಇಂಟಿಜರ್ ಲಿಸ್ಟ್ ಮೇಲೆ ರಿಮೂವ್(1) ಕರೆದರೆ ಹೋಗುವುದು ಸ್ಥಾನ 1ರಲ್ಲಿರುವ 20 (ಎಣಿಕೆ ಸೊನ್ನೆಯಿಂದ). ಬಾಕ್ಸಿಂಗ್ ಇಲ್ಲದೆ ಹೊಂದುವ ಮೆಥಡ್ ಸಿಕ್ಕರೆ ಕಂಪೈಲರ್ ಮುಂದಕ್ಕೆ ಹುಡುಕುವುದಿಲ್ಲ. ಟ್ರೈ-ವಿತ್-ರಿಸೋರ್ಸಸ್‌ನಲ್ಲಿ (ತೆರೆದದ್ದನ್ನು ತಾನೇ ಮುಚ್ಚುವ ಟ್ರೈ) ಕೊನೆಗೆ ತೆರೆದದ್ದು ಮೊದಲು ಮುಚ್ಚುತ್ತದೆ, ಎಲ್ಲ ಮುಚ್ಚಿದ ಮೇಲಷ್ಟೇ ಕ್ಯಾಚ್, ಫೈನಲಿ. ಟರ್ಮಿನಲ್ ಆಪರೇಶನ್ (ಸ್ಟ್ರೀಮನ್ನು ಓಡಿಸುವ ಕೊನೆಯ ಕರೆ) ಇಲ್ಲದ ಸ್ಟ್ರೀಮ್‌ನಲ್ಲಿ ಪೀಕ್ ಏನನ್ನೂ ಅಚ್ಚು ಹಾಕುವುದಿಲ್ಲ.

ಯಂತ್ರದಲ್ಲಿ ಜೆಡಿಕೆ 21 (ಜಾವಾ 21ರ ಅಭಿವೃದ್ಧಿ ಕಿಟ್) ಇಟ್ಟುಕೊಂಡು ಅಭ್ಯಾಸ ಮಾಡುವವರಿಗೆ ಬೇರೊಂದು ತೊಂದರೆ ಕಾದಿದೆ. ಸ್ವಿಚ್‌ನಲ್ಲಿ ಟೈಪ್ ಪ್ಯಾಟರ್ನ್ (ವಸ್ತುವಿನ ಟೈಪ್ ನೋಡಿ ಕೇಸ್ ಆರಿಸುವುದು) ಬಳಸುವುದು 17ರಲ್ಲಿ ಇನ್ನೂ ಪ್ರಿವ್ಯೂ (ಪ್ರಾಯೋಗಿಕ) ಆಗಿತ್ತು, 21ರಲ್ಲಿ ಖಾಯಂ ಆಯಿತು. ಯಂತ್ರ ‘ಸರಿ’ ಎಂದದ್ದಕ್ಕೆ ಪರೀಕ್ಷೆಯಲ್ಲಿ ‘ಕಂಪೈಲ್ ಆಗುವುದಿಲ್ಲ’ ಎಂಬುದೇ ಉತ್ತರ ಆಗಬಹುದು. ಕಂಪೈಲರ್‌ಗೆ --release 17 ಎಂಬ ಆಯ್ಕೆ ಕೊಟ್ಟರೆ ಸಾಕು, ಜೆಡಿಕೆ ಬದಲಿಸಬೇಕಿಲ್ಲ.

ಅಣಕು ಪರೀಕ್ಷೆಯ ತಪ್ಪುಗಳನ್ನು ಅಧ್ಯಾಯವಾರು ಬರೆದಿಡುವುದು ಅಷ್ಟೇನೂ ಉಪಯೋಗವಿಲ್ಲ. ‘ಗೊತ್ತಿರಲಿಲ್ಲ’, ‘ತಪ್ಪಾಗಿ ಓದಿದ್ದು’, ‘ಸಮಯ ಸಾಲಲಿಲ್ಲ’ ಎಂದು ಮೂರು ಕಾಲಂ ಮಾಡಿ. ಎರಡನೆಯದು ತುಂಬುತ್ತಿದ್ದರೆ ಇನ್ನಷ್ಟು ಓದಿದರೆ ಏನೂ ಬದಲಾಗದು. ಎಷ್ಟು ಉತ್ತರ ಆರಿಸಬೇಕೆಂದು ಪ್ರಶ್ನೆಯ ಕೊನೆಯಲ್ಲಿ ಬರೆದಿರುತ್ತಾರೆ, ಅದನ್ನು ಮೊದಲು ನೋಡುವ ಅಭ್ಯಾಸ ಬೇಕು. ಎರಡು ಕೇಳಿದಲ್ಲಿ ಒಂದೇ ಸರಿಯಾದರೆ ಅರ್ಧ ಅಂಕ ಸಿಗುವುದಿಲ್ಲ.

ಮುಂದಿನ ಕೆಲಸ ಕನ್‌ಕರೆನ್ಸಿ. ಎರಡು ವಿಷಯ ಆಗಲೇ ಪಟ್ಟಿಗೆ ಬಂದಿವೆ: ಕೆಲಸ ಕೊಟ್ಟ ಫಿಕ್ಸ್ಡ್ ಥ್ರೆಡ್ ಪೂಲ್‌ಗೆ (ನಿಗದಿತ ಸಂಖ್ಯೆಯ ಥ್ರೆಡ್‌ಗಳ ಗುಂಪು) ಶಟ್‌ಡೌನ್ ಕರೆಯದಿದ್ದರೆ ಮೇನ್ ಮುಗಿದರೂ ಪ್ರೋಗ್ರಾಂ ನಿಲ್ಲುವುದಿಲ್ಲ, ಪ್ಯಾರಲಲ್ ಸ್ಟ್ರೀಮ್ (ಹಲವು ಥ್ರೆಡ್‌ಗಳಲ್ಲಿ ಹಂಚಿ ಓಡುವ ಸ್ಟ್ರೀಮ್) ಮೇಲೆ ಫಾರ್‌ಈಚ್ ಬಂದರೆ ಔಟ್‌ಪುಟ್‌ನ ಕ್ರಮಕ್ಕೆ ಖಾತ್ರಿಯಿಲ್ಲ, ಕ್ರಮ ಬೇಕಿದ್ದರೆ ಫಾರ್‌ಈಚ್‌ಆರ್ಡರ್ಡ್.