ದೇವನಹಳ್ಳಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಎಷ್ಟು ಹೊತ್ತಿನ ದಾರಿ?

ಅಕ್ಕನ ಮಗಳು ಕ್ಯಾಲಿಫೋರ್ನಿಯಾದಲ್ಲಿ ಕೆಲಸಕ್ಕೆ ಸೇರಿದಂದಿನಿಂದ ನಮ್ಮ ತಂದೆಯವರು ಮತ್ತೆ ಮತ್ತೆ ಕೇಳುತ್ತಿದ್ದುದು ಎರಡೇ ಮಾತು: ಅಲ್ಲಿಗೆ ಎಷ್ಟು ದೂರ, ಹೋಗಲು ಎಷ್ಟು ಹೊತ್ತು ಬೇಕು? ಗೋಡೆಯ ಭೂಪಟದಲ್ಲಿ ಅವರು ಬೆಂಗಳೂರಿನಿಂದ ಪಶ್ಚಿಮಕ್ಕೆ ಬೆರಳು ಹಾಯಿಸಿ, ಅರಬ್ಬಿ ಸಮುದ್ರ, ಆಫ್ರಿಕಾದ ಮರುಭೂಮಿ, ಅಟ್ಲಾಂಟಿಕ್ ಸಾಗರಗಳನ್ನು ದಾಟಿಸಿ ಸ್ಯಾನ್ ಫ್ರಾನ್ಸಿಸ್ಕೊ ಮುಟ್ಟಿಸಿದ್ದರು. ಕಾಗದದ ಮೇಲೆ ಅದು ನೇರ ಗೆರೆ. ಗುಂಡಗಿನ ಭೂಮಿಯ ಮೇಲೆ ಸುಮಾರು 20,000 ಕಿಲೋಮೀಟರಿನ ಸುತ್ತುದಾರಿ.

ಮಕ್ಕಳ ಗ್ಲೋಬನ್ನು ತಂದು ಎರಡು ಊರುಗಳ ನಡುವೆ ದಾರವನ್ನು ಬಿಗಿಯಾಗಿ ಎಳೆದು ತೋರಿಸಿದೆ. ದಾರವು ಪಶ್ಚಿಮಕ್ಕೆ ಹೋಗಲೇ ಇಲ್ಲ. ಉತ್ತರಕ್ಕೆ ಹೊರಟು, ತುಸು ಪೂರ್ವಕ್ಕೆ ವಾಲಿ, ಚೀನಾ ಮತ್ತು ಸೈಬೀರಿಯಾಗಳ ಮೇಲೆ ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಏರಿ, ಅಲಾಸ್ಕಾದ ಮೂಲಕ ಕೆಳಗಿಳಿಯಿತು. ಇದರ ಉದ್ದ ಸುಮಾರು 14,000 ಕಿಲೋಮೀಟರು. ದೂರದ ಲೆಕ್ಕ ಇಲ್ಲಿಗೆ ಮುಗಿಯಿತು.

ಹೊತ್ತಿನ ಲೆಕ್ಕ ಇಷ್ಟು ಸುಲಭವಲ್ಲ. ಗಂಟೆಗೆ 900 ಕಿಲೋಮೀಟರಿನಂತೆ ಭಾಗಿಸಿದರೆ ಹದಿನೈದೂವರೆ ಗಂಟೆ ಬರುತ್ತದೆ. ಆದರೆ ನೇರ ವಿಮಾನದ ಟಿಕೆಟ್ಟಿನಲ್ಲಿ ಕಾಣುತ್ತಿದ್ದುದು 16ರಿಂದ 18 ಗಂಟೆ. ಟಿಕೆಟ್ಟಿನ ಅವಧಿಯು ವಿಮಾನವು ತಂಗುದಾಣದಿಂದ ಕದಲಿದ ಕ್ಷಣದಿಂದ ಇನ್ನೊಂದು ತುದಿಯಲ್ಲಿ ನಿಲ್ಲುವವರೆಗಿನದಾಗಿದ್ದು, ರನ್‌ವೇಗೆ ಹೋಗುವ, ಏರುವ, ಇಳಿಯುವ ನಿಧಾನಗತಿಯೆಲ್ಲ ಅದರಲ್ಲಿ ಸೇರಿರುತ್ತದೆ. ಜೊತೆಗೆ ಗಾಳಿ. ಹತ್ತು ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಪ್ರವಾಹವು ಚಳಿಗಾಲದಲ್ಲಿ ಗಂಟೆಗೆ 200 ಕಿಲೋಮೀಟರನ್ನೂ ಮೀರುವುದುಂಟು. ಬೆನ್ನಿಗೆ ಗಾಳಿ ಸಿಗುವುದಾದರೆ ಪೆಸಿಫಿಕ್ ಮೇಲಿನ ಉದ್ದದ ದಾರಿಯೇ ಬೇಗ ಮುಗಿಯಬಹುದು. ಎದುರುಗಾಳಿಯನ್ನು ತಪ್ಪಿಸಲು ಧ್ರುವದ ಬಳಿಯ ದಾರಿ ಲೇಸೆನಿಸಬಹುದು. 2021ರ ಜನವರಿ 9ರಂದು ಏರ್ ಇಂಡಿಯಾದ ಮೊದಲ ನೇರ ವಿಮಾನವು ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟು, ಮಹಿಳಾ ಪೈಲಟ್‌ಗಳ ಕೈಯಲ್ಲೇ ಉತ್ತರ ಧ್ರುವದತ್ತ ಹಾದು ಬೆಂಗಳೂರಿಗೆ ಬಂದಿತ್ತು. ಗಾಳಿಯಲ್ಲದೆ ರಾಜಕೀಯವೂ ದಾರಿಯನ್ನು ನಿರ್ಧರಿಸುತ್ತದೆ: 2022ರಲ್ಲಿ ಅಮೆರಿಕದ ಕಂಪನಿಗಳಿಗೆ ರಷ್ಯಾದ ಆಕಾಶ ಮುಚ್ಚಿದಾಗ, ನನ್ನ ದಾರ ಹಾಯ್ದ ದಾರಿ ಅವರ ಪಾಲಿಗೆ ಇಲ್ಲವಾಯಿತು.

ಇಷ್ಟನ್ನೂ ತಾಳ್ಮೆಯಿಂದ ಕೇಳಿದ ತಂದೆಯವರನ್ನು ನಿಜವಾಗಿ ಕಾಡಿದ್ದು ಗಡಿಯಾರ. ಚಳಿಗಾಲದಲ್ಲಿ ಅಲ್ಲಿನ ಸಮಯ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಆದ್ದರಿಂದ ಇಲ್ಲಿ ಮಧ್ಯಾಹ್ನ ಎರಡಕ್ಕೆ ವಿಮಾನ ಹತ್ತಿದವರು ಹದಿನೇಳು ಗಂಟೆ ಹಾರಿ ಅಂದೇ ಸಂಜೆ ಐದೂವರೆಗೆ ಅಲ್ಲಿಳಿಯುತ್ತಾರೆ. ಮರಳುವಾಗ ಶನಿವಾರ ರಾತ್ರಿ ಒಂಬತ್ತಕ್ಕೆ ಹೊರಟವರು ದೇವನಹಳ್ಳಿ ತಲಪುವಾಗ ಸೋಮವಾರ ನಸುಕಿನ ನಾಲ್ಕು ಗಂಟೆ ಸಮೀಪಿಸಿರುತ್ತದೆ.

“ಹಾಗಾದರೆ ಅವಳ ಭಾನುವಾರ ಎಲ್ಲಿ ಹೋಯಿತು?” ಎಂದು ಕೇಳಿದ ತಂದೆಯವರು, ಉತ್ತರಕ್ಕೆ ಕಾಯದೆ ಕ್ಯಾಲೆಂಡರಿನಲ್ಲಿ ಸೋಮವಾರಕ್ಕೆ ಗುರುತು ಹಾಕಿ, ಕಾರಿನವನಿಗೆ ಬೆಳಗಿನ ಜಾವ ಎರಡಕ್ಕೇ ಬರಹೇಳಿದರು.