ವೆಲ್ಚ್: ಕೋರ್ಟಿನ ಮೆಟ್ಟಿಲುಗಳ ಊರು

ಬ್ಲೂಫೀಲ್ಡ್ ಬಿಟ್ಟ ಮೇಲೆ 52ನೇ ಹೆದ್ದಾರಿಗೆ ನೇರ ದಾರಿ ಎಂಬುದೇ ಇಲ್ಲ. ಕಣಿವೆಯ ತಳದಲ್ಲಿ ಎಲ್ಕ್‌ಹಾರ್ನ್ ಹೊಳೆ, ಅದರ ಪಕ್ಕಕ್ಕೆ ರೈಲು ಹಳಿ. ಉಳಿದ ಚೂರುಪಾರು ಜಾಗದಲ್ಲಿ ರಸ್ತೆ, ಮನೆ, ಚರ್ಚುಗಳು ಒತ್ತರಿಸಿಕೊಂಡಿವೆ. ಈ ಹೊಳೆ ಟಗ್ ಫೋರ್ಕ್ ನದಿಯನ್ನು ಸೇರುವಲ್ಲಿ ವೆಲ್ಚ್ ಇದೆ. ಅಪಲೇಚಿಯ ಬೆಟ್ಟಗಳ ನಡುವಿನ ಈ ಊರು ವೆಸ್ಟ್ ವರ್ಜೀನಿಯಾದ ಮೆಕ್‌ಡವೆಲ್ ಕೌಂಟಿಯ ಆಡಳಿತ ಕೇಂದ್ರ.

ಪೇಟೆಯ ಬೀದಿಗಳು ಇಕ್ಕಟ್ಟಾಗಿವೆ. ಕಲ್ಲಿದ್ದಲಿನ ಕಾಲದಲ್ಲಿ ಇಲ್ಲಿ ಕಾರು ನಿಲ್ಲಿಸಲು ಜಾಗ ಸಾಲದೆ 1941ರಲ್ಲಿ ಅದಕ್ಕೆಂದೇ ಬಹುಮಹಡಿ ಕಟ್ಟಡ ತಲೆಯೆತ್ತಿತು. ಅಮೆರಿಕದಲ್ಲಿ ಪುರಸಭೆಯ ಒಡೆತನದ ಇಂಥ ಕಟ್ಟಡ ಅದೇ ಮೊದಲನೆಯದು. 1950ರಲ್ಲಿ ಕೌಂಟಿಯ ಜನಸಂಖ್ಯೆ ಸುಮಾರು 99 ಸಾವಿರ. 2020ರ ಗಣತಿಯಲ್ಲಿ ಉಳಿದವರು 19 ಸಾವಿರ. ಕಲ್ಲಿದ್ದಲು ಬರಿದಾಗಿ ಜನ ಚದುರಿದರು ಎಂದುಕೊಂಡರೆ ತಪ್ಪು. ನೂರಾರು ಜನರ ಕೆಲಸವನ್ನು ಯಂತ್ರಗಳು ಮಾಡತೊಡಗಿದಾಗಲೇ ವಲಸೆ ಶುರುವಾಗಿತ್ತು.

ನಾನು ಹೆಚ್ಚು ಹೊತ್ತು ಕಳೆದದ್ದು ಕೋರ್ಟಿನ ಎದುರು. ಕಟ್ಟಡ ದಿಬ್ಬದ ಮೇಲಿದೆ. ಬೀದಿಯಿಂದ ಕಲ್ಲಿನ ಮೆಟ್ಟಿಲು ಹತ್ತಿ ಹೋಗಬೇಕು. ಹತ್ತುವವನು ಮೇಲೆ ನಿಂತವರ ಕಣ್ಣಿಗೆ ಪೂರ್ತಿ ಬೀಳುತ್ತಾನೆ, ಮರೆಯಾಗಲು ಎಡೆಯೇ ಇಲ್ಲ. 1921ರ ಆಗಸ್ಟ್ 1ರಂದು ಸಿಡ್ ಹ್ಯಾಟ್‌ಫೀಲ್ಡ್ ಈ ಮೆಟ್ಟಿಲುಗಳನ್ನು ಹತ್ತಿದ. ಮೇಟ್‌ವಾನ್ ಊರಿನ ಪೊಲೀಸ್ ಮುಖ್ಯಸ್ಥನಾಗಿ ಅವನು ಗಣಿ ಕಾರ್ಮಿಕರ ಪರ ನಿಂತಿದ್ದ. ಮುಷ್ಕರ ನಿರತರ ಸಂಸಾರಗಳನ್ನು ಕಂಪನಿಯ ಮನೆಗಳಿಂದ ಬೀದಿಗೆ ತಳ್ಳಲು ಬಂದ, ಗಣಿ ಕಂಪನಿಗಳು ನೇಮಿಸಿಕೊಂಡಿದ್ದ ಬಾಲ್ಡ್ವಿನ್-ಫೆಲ್ಟ್ಸ್ ಎಂಬ ಖಾಸಗಿ ಸಂಸ್ಥೆಯ ಪತ್ತೇದಾರರಿಗೆ ಹಿಂದಿನ ವರ್ಷ ಎದುರಾಗಿದ್ದ. ಆ ಗುಂಡಿನ ಕಾಳಗದಲ್ಲಿ 10 ಜನ ಸತ್ತಿದ್ದರು. ಈಗ ಬೇರೊಂದು ಮೊಕದ್ದಮೆಯ ವಿಚಾರಣೆಗೆ ಗೆಳೆಯ ಎಡ್ ಚೇಂಬರ್ಸ್ ಜೊತೆ ನಿರಾಯುಧನಾಗಿ ಬಂದಿದ್ದ. ಇಬ್ಬರ ಹೆಂಡತಿಯರೂ ಪಕ್ಕದಲ್ಲಿದ್ದರು. ಮೇಲೆ ಕಾದಿದ್ದ ಪತ್ತೇದಾರರು ಗುಂಡು ಹಾರಿಸಿ ಇಬ್ಬರನ್ನೂ ಕೊಂದರು. ಸ್ಯಾಲಿ ಚೇಂಬರ್ಸ್ ತನ್ನ ಕೈಯಲ್ಲಿದ್ದ ಕೊಡೆಯಿಂದಲೇ ಕೊಲೆಗಾರನೊಬ್ಬನನ್ನು ಹೊಡೆದಳು. ಯಾರಿಗೂ ಶಿಕ್ಷೆಯಾಗಲಿಲ್ಲ. ಈ ಕೊಲೆಗಳಿಂದ ಕೆರಳಿ, ತಿಂಗಳು ಮುಗಿಯುವುದರೊಳಗೆ ಸಾವಿರಾರು ಕಾರ್ಮಿಕರು ಬಂದೂಕು ಹಿಡಿದು ಬ್ಲೇರ್ ಬೆಟ್ಟದತ್ತ ಹೊರಟರು. ಕಟ್ಟಿಕೊಂಡವನು ಕಣ್ಣೆದುರೇ ಉರುಳುತ್ತಿರುವಾಗ ಕೊಡೆ ಎತ್ತಿದ ಆ ಹೆಣ್ಣಿನ ಧೈರ್ಯಕ್ಕೆ ನನ್ನಲ್ಲಿ ಮಾತಿಲ್ಲ.

ಜಾನ್ ಕೆನಡಿ 1960ರ ಚುನಾವಣೆಯಲ್ಲಿ ಈ ಕಣಿವೆಗಳನ್ನು ಸುತ್ತಿ ಇಲ್ಲಿನ ಹಸಿವನ್ನು ಕಂಡಿದ್ದರು. ಮರುವರ್ಷ ಮೇ ತಿಂಗಳಲ್ಲಿ ಹೊಸ ಆಹಾರ ಕೂಪನ್ ಯೋಜನೆ ಮೊದಲು ಆರಂಭವಾದದ್ದು ಇದೇ ಕೌಂಟಿಯಲ್ಲಿ. ಕೆಲಸ ಕಳೆದುಕೊಂಡ ಗಣಿ ಕಾರ್ಮಿಕನೊಬ್ಬನ 15 ಮಂದಿಯ ಕುಟುಂಬಕ್ಕೆ 95 ಡಾಲರಿನ ಕೂಪನ್ ಸಿಕ್ಕಿತು.

ಇಂದು ಬರುವ ಹಲವರು ಒಡೆದ ಕಿಟಕಿಗಳ ಚಿತ್ರ ತೆಗೆದುಕೊಂಡು ಹೊರಟುಬಿಡುತ್ತಾರೆ. ಇದು ಅನ್ಯಾಯ. ದೇಶದ ಉಕ್ಕಿನ ಕುಲುಮೆಗಳಿಗೆ ಇದ್ದಲು ಕೊಟ್ಟ ನೆಲವಿದು. ಇಲ್ಲಿಗೆ ಬರುವವರು ನಾಲ್ಕು ಮೈಲಿ ದೂರದ ಕಿಂಬಲ್‌ನಲ್ಲಿ ತಪ್ಪದೆ ಇಳಿಯಬೇಕು. ಮೊದಲ ಮಹಾಯುದ್ಧದಲ್ಲಿ ಹೋರಾಡಿದ ಕಪ್ಪು ಸೈನಿಕರ ನೆನಪಿಗೆ 1928ರಲ್ಲಿ ಕಟ್ಟಿದ ಭವನ ಅಲ್ಲಿದೆ. ದಕ್ಷಿಣದ ರಾಜ್ಯಗಳಿಂದ ಗಣಿ ಕೆಲಸಕ್ಕೆ ಬಂದ ಕಪ್ಪು ಜನರ ಊರುಗಳಿವು. ಬೆಂಕಿಗೆ ತುತ್ತಾಗಿದ್ದ ಆ ಕಟ್ಟಡವನ್ನು ದುರಸ್ತಿ ಮಾಡಿ ಮತ್ತೆ ನಿಲ್ಲಿಸಿದ್ದಾರೆ.