ಗೊಗ್ಗರು ದನಿಯ ಫ್ಲಾರೆನ್ಸ್ ಪ್ಯೂ, ಮತ್ತು ನಮ್ಮ ಕಲೋತ್ಸವದ ಮಕ್ಕಳು

ಇಂಗ್ಲೆಂಡಿನ ಸಿನಿಮಾ ನಟಿ ಫ್ಲಾರೆನ್ಸ್ ಪ್ಯೂ ಮಾತಾಡುವುದನ್ನು ಕೇಳಿದ್ದೀರಾ? ಹುಡುಗಿಯ ದನಿ ತೆಳ್ಳಗೆ, ಇಂಪಾಗಿ ಇರಬೇಕು ಅನ್ನುವವರಿಗೆಲ್ಲ ಒಮ್ಮೆ ಕೇಳಿಸಬೇಕು. ಗೊಗ್ಗರು ದನಿ. ಅದಕ್ಕೊಂದು ಕಾರಣವೂ ಇದೆ. ಚಿಕ್ಕವಳಿದ್ದಾಗ ಅವಳ ಶ್ವಾಸನಾಳ ಇರಬೇಕಾದಷ್ಟು ಗಟ್ಟಿ ಇರಲಿಲ್ಲ, ಡಾಕ್ಟರುಗಳು ಅದಕ್ಕೆ ಟ್ರೇಕಿಯೋಮಲೇಶಿಯ ಅನ್ನುತ್ತಾರೆ. ಉಸಿರಾಟದ ಕಾಟ, ಆಗಾಗ ಆಸ್ಪತ್ರೆ. ಇಂಗ್ಲೆಂಡಿನ ಹವೆ ಮಗುವಿಗೆ ಆಗುವುದಿಲ್ಲ ಅಂತ ಮನೆಯವರೆಲ್ಲ ಗಂಟುಮೂಟೆ ಕಟ್ಟಿಕೊಂಡು ದಕ್ಷಿಣ ಸ್ಪೇನಿಗೆ ಹೋದರು. ಅವಳಿಗೆ ಆರು ವರ್ಷ ಆಗುವವರೆಗೆ ಅಲ್ಲೇ ಇದ್ದು ಆಮೇಲೆ ವಾಪಸ್ ಬಂದರು.

ಹುಟ್ಟಿದ್ದು 1996ರ ಜನವರಿ 3ರಂದು, ಆಕ್ಸ್‌ಫರ್ಡಿನಲ್ಲಿ. ಅಪ್ಪ ಅಲ್ಲೇ ಹೋಟೆಲ್ ನಡೆಸುತ್ತಿದ್ದವರು, ಅಮ್ಮ ಡ್ಯಾನ್ಸರ್. ಅಣ್ಣ ಟೋಬಿ ಸೆಬಾಸ್ಟಿಯನ್ ಕೂಡ ನಟ, 'ಗೇಮ್ ಆಫ್ ಥ್ರೋನ್ಸ್' ನೋಡಿದವರಿಗೆ ಮುಖ ನೆನಪಿರಬಹುದು. ಆರನೇ ವಯಸ್ಸಿನಲ್ಲಿ ಶಾಲೆಯ ಕ್ರಿಸ್ಮಸ್ ನಾಟಕದಲ್ಲಿ ಇವಳಿಗೆ ಮೇರಿಯ ಪಾತ್ರ ಸಿಕ್ಕಿತು. ಯೇಸುವಿನ ತಾಯಿ. ಇವಳು ಅದನ್ನು ಯಾರ್ಕ್‌ಶೈರಿನ ಹಳ್ಳಿ ಮಾತಿನಲ್ಲಿ ಆಡಿಬಿಟ್ಟಳು. ನಮ್ಮ ಕಾಸರಗೋಡಿನ ಕುಂಬಳೆಯ ಮಗುವೊಂದು ಸೀತೆಯ ಪಾತ್ರ ಮಾಡಿ ಅಪ್ಪಟ ಧಾರವಾಡದ ಮಾತಿನಲ್ಲಿ ರಾಮನನ್ನು ವಿಚಾರಿಸಿಕೊಂಡ ಹಾಗೆ!

ಈಗ ಇವಳ ಬಗ್ಗೆ ಯಾಕೆ ಬರೆಯುತ್ತಿದ್ದೇನೆ ಅಂದರೆ, ನಮ್ಮಲ್ಲಿ ಕಲೋತ್ಸವದ ಗದ್ದಲ ಶುರುವಾಗಿದೆ. ಘಟ್ಟದ ಆಚೆಯ ಓದುಗರಿಗಾಗಿ ಹೇಳುತ್ತೇನೆ: ಕೇರಳದಲ್ಲಿ ಶಾಲಾ ಕಲೋತ್ಸವ ಅಂದರೆ ಸಣ್ಣ ಸಂಗತಿ ಅಲ್ಲ. ಶಾಲೆ, ಉಪಜಿಲ್ಲೆ, ಜಿಲ್ಲೆ, ಕೊನೆಗೆ ರಾಜ್ಯ. ನಮ್ಮ ಯಕ್ಷಗಾನಕ್ಕೂ ಅಲ್ಲಿ ಸ್ಪರ್ಧೆ ಇದೆ, ಕನ್ನಡ ಕಂಠಪಾಠಕ್ಕೂ ಇದೆ. ರಾಜ್ಯ ಮಟ್ಟದಲ್ಲಿ ಎ ಗ್ರೇಡ್ ಬಂದರೆ ಪರೀಕ್ಷೆಗೆ ಗ್ರೇಸ್ ಮಾರ್ಕ್. ಹಾಗಾಗಿ ಮಕ್ಕಳಿಗಿಂತ ಜಾಸ್ತಿ ಟೆನ್ಶನ್ ಅಪ್ಪ ಅಮ್ಮಂದಿರಿಗೆ. ಗ್ರೇಡ್ ಕಮ್ಮಿ ಬಂತೋ, ಬಣ್ಣ ಒರೆಸುವ ಮೊದಲೇ ಅಪೀಲು.

ನಮ್ಮ ಬದಿಯಡ್ಕ ಕಡೆಯ ಒಬ್ಬ ಹುಡುಗಿಯ ಮಹಿಷಾಸುರ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಅವಳದ್ದೂ ಗೊಗ್ಗರು ದನಿಯೇ. ಅಬ್ಬರ ಕೊಟ್ಟರೆ ಎದುರು ಕೂತ ಚಿಕ್ಕ ಮಕ್ಕಳು ಅಮ್ಮನ ಮಡಿಲು ಹುಡುಕುತ್ತಿದ್ದವು. ಎ ಗ್ರೇಡ್ ಬಂತು, ಗ್ರೇಸ್ ಮಾರ್ಕ್ ಬಂತು, ಪ್ಲಸ್ ಟು ಮುಗಿಯಿತು, ಗೆಜ್ಜೆಯೂ ಅಟ್ಟ ಸೇರಿತು. ಈಗ ನರ್ಸಿಂಗ್ ಮಾಡುತ್ತಿದ್ದಾಳೆ, ಒಳ್ಳೆಯದೇ. ಆದರೆ "ಇನ್ನೂ ಕುಣಿ ಮಗಾ" ಅಂತ ಹೇಳಿದವರು ಒಬ್ಬರೂ ಇಲ್ಲ. ಕಲಿಸಿದವರಿಗೂ ಬೇಕಾದದ್ದು ಟ್ರೋಫಿ.

ಹಾಗಂತ ಇಂಗ್ಲೆಂಡಿನಲ್ಲಿ ಎಲ್ಲ ಚಂದ ಅಂತ ಅಲ್ಲ. ಪ್ಯೂ ಓದಿದ್ದು ಆಕ್ಸ್‌ಫರ್ಡಿನ ದೊಡ್ಡ ಫೀಸಿನ ಖಾಸಗಿ ಶಾಲೆಗಳಲ್ಲಿ. ನಟನೆಯ ಆಸೆಗೆ ಅಲ್ಲಿ ಬೆಂಬಲ ಸಿಗಲಿಲ್ಲ ಅನ್ನುವ ಬೇಸರ ಅವಳಿಗೂ ಇದೆ. ಆದರೆ ಮನೆಯಲ್ಲಿ ಬೇಡ ಅನ್ನುವವರು ಇರಲಿಲ್ಲ. ದುಡ್ಡಿನ ಬಲವೂ ಇತ್ತು, ಅದನ್ನು ಮರೆಯಬಾರದು. ಇನ್ನೂ ಶಾಲೆಯಲ್ಲಿರುವಾಗಲೇ ಕ್ಯಾರಲ್ ಮಾರ್ಲಿ ಅವರ 'ದಿ ಫಾಲಿಂಗ್' ಸಿನಿಮಾದಲ್ಲಿ ಪಾತ್ರ ಸಿಕ್ಕಿತು. 1969ರ ಒಂದು ಹುಡುಗಿಯರ ಶಾಲೆ, ಅಲ್ಲಿ ಒಬ್ಬೊಬ್ಬರಾಗಿ ಮೂರ್ಛೆ ಹೋಗುವ ಕಥೆ. ಜೊತೆಗೆ ಮೇಸಿ ವಿಲಿಯಮ್ಸ್. 2014ರಲ್ಲಿ ಲಂಡನ್ ಚಿತ್ರೋತ್ಸವದಲ್ಲಿ ಅದು ತೆರೆ ಕಂಡಿತು. ನಟನಾ ಶಾಲೆಗೆ ಅಂತ ಅವಳು ಹೋಗಲೇ ಇಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇನ್ನು ಮುಂದಿನದು. 19ನೇ ವಯಸ್ಸಿನಲ್ಲಿ ಅಮೆರಿಕದ ಒಂದು ಟಿವಿ ಧಾರಾವಾಹಿಯ ಪೈಲಟ್ ಕಂತಿಗೆ, ಅಂದರೆ ಪರೀಕ್ಷೆಗೆಂದು ತೆಗೆಯುವ ಮೊದಲ ಕಂತಿಗೆ, ಆಯ್ಕೆಯಾದಳು. ಲಾಸ್ ಏಂಜಲೀಸ್, ಗಾಯಕಿಯ ಪಾತ್ರ, ಬದುಕು ಸೆಟ್ಲ್ ಆಯಿತು ಅಂತ ಯಾರಿಗಾದರೂ ಅನಿಸಬೇಕು. ಅಲ್ಲಿಯವರು ತೂಕ ಇಳಿಸು, ಮುಖದ ಆಕಾರ ಬದಲಾಗಬೇಕು, ಹುಬ್ಬು ಹೀಗಿರಬೇಕು ಅಂತ ಶುರು ಮಾಡಿದರು. ದೊಡ್ಡ ತಪ್ಪು ಮಾಡಿಬಿಟ್ಟೆ ಅಂತ ಆಗ ಅನಿಸಿತ್ತು ಅಂತ ಅವಳೇ ಮುಂದೆ ಹೇಳಿಕೊಂಡಿದ್ದಾಳೆ. ಪುಣ್ಯಕ್ಕೆ ಆ ಧಾರಾವಾಹಿ ಮುಂದುವರಿಯಲೇ ಇಲ್ಲ! ಮುಂದುವರಿದಿದ್ದರೆ ವರ್ಷಗಟ್ಟಲೆ ಅಲ್ಲೇ ಹುಬ್ಬು ತಿದ್ದಿಸಿಕೊಂಡು ಕೂರಬೇಕಿತ್ತು, ಅಲ್ವಾ?

ವಾಪಸ್ ಬಂದು ಮಾಡಿದ್ದು 'ಲೇಡಿ ಮ್ಯಾಕ್‌ಬೆತ್'. ಶೇಕ್ಸ್‌ಪಿಯರನದ್ದಲ್ಲ, ಲೆಸ್ಕೋವ್ ಅನ್ನುವ ರಷ್ಯದ ಲೇಖಕನ ಕಥೆಯನ್ನು ಇಂಗ್ಲೆಂಡಿನ ಹಳ್ಳಿಗೆ ತಂದದ್ದು. ನಿರ್ದೇಶಕ ವಿಲಿಯಂ ಓಲ್ಡ್ರಾಯ್ಡ್‌ಗೆ ಅದು ಮೊದಲ ಸಿನಿಮಾ. ಬಜೆಟ್ ಐದು ಲಕ್ಷ ಪೌಂಡಿನೊಳಗೆ, ಅಲ್ಲಿಯ ಲೆಕ್ಕದಲ್ಲಿ ಚಿಲ್ಲರೆ ಕಾಸು. ಬೇಡದ ಮದುವೆಯಲ್ಲಿ ಸಿಕ್ಕಿಬಿದ್ದ ಹುಡುಗಿ ಕ್ಯಾಥರೀನ್. ಮೊದಮೊದಲು ಪಾಪ ಅನಿಸುತ್ತದೆ, ಆಮೇಲೆ ಭಯ ಆಗುತ್ತದೆ. ಬಿಗಿಯಾದ ಉಡುಪಿನಲ್ಲಿ ಸೋಫಾದ ಮೇಲೆ ಅಲ್ಲಾಡದೆ ಕೂತು ನೇರ ನಮ್ಮನ್ನೇ ನೋಡುತ್ತಾಳೆ, ಅಷ್ಟೇ. ಮಾತಿಲ್ಲ, ಅಳು ಇಲ್ಲ. ಚಂಡೆಯ ಪೆಟ್ಟಿಗೆ ಕುಣಿಯುವುದನ್ನು ನೋಡಿ ಬೆಳೆದ ನನ್ನಂಥವನಿಗೆ ಸುಮ್ನೆ ಕೂತು ಇಷ್ಟು ಹೆದರಿಸಬಹುದು ಅಂತ ಗೊತ್ತೇ ಇರಲಿಲ್ಲ. 2017ರ ಬ್ರಿಟಿಷ್ ಇಂಡಿಪೆಂಡೆಂಟ್ ಫಿಲ್ಮ್ ಅವಾರ್ಡ್ಸ್‌ನಲ್ಲಿ ಶ್ರೇಷ್ಠ ನಟಿ ಪ್ರಶಸ್ತಿ ಈ ಪಾತ್ರಕ್ಕೆ ಬಂತು. ಅದೇ ಮುಖ, ಅದೇ ಹುಬ್ಬು.

ಆಮೇಲೆ ಓಟ. 2018ರಲ್ಲಿ ಕೊರಿಯದ ಪಾರ್ಕ್ ಚಾನ್ ವೂಕ್ ನಿರ್ದೇಶನದ ಧಾರಾವಾಹಿ 'ದಿ ಲಿಟಲ್ ಡ್ರಮ್ಮರ್ ಗರ್ಲ್', 2019ರಲ್ಲಿ ಒಂದರ ಹಿಂದೆ ಒಂದು ಮೂರು ಸಿನಿಮಾ. 'ಲಿಟಲ್ ವಿಮೆನ್'ನ ಏಮಿ ಪಾತ್ರಕ್ಕೆ ಪೋಷಕ ನಟಿಯ ವಿಭಾಗದಲ್ಲಿ ಆಸ್ಕರ್ ನಾಮನಿರ್ದೇಶನ ಬಂದಾಗ ಅವಳಿಗೆ ಬರೀ 24. ಪ್ರಶಸ್ತಿ ಲಾರಾ ಡರ್ನ್ ಪಾಲಾಯಿತು, ಇರಲಿ. 2021ರ ಸೂಪರ್‌ಹೀರೋ ಸಿನಿಮಾ 'ಬ್ಲ್ಯಾಕ್ ವಿಡೋ' ಬಂದ ಮೇಲೆ ನಮ್ಮ ಕಾಸರಗೋಡಿನ ಹುಡುಗರಿಗೂ ಹೆಸರು ಗೊತ್ತಾಯಿತು. ಅದರಲ್ಲಿ ರಷ್ಯನ್ ಧಾಟಿಯ ಇಂಗ್ಲಿಷ್, 'ಲಿಟಲ್ ವಿಮೆನ್'ನಲ್ಲಿ ಅಮೆರಿಕದ್ದು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ ಅಂತ ದಿನಾ ನಾಲಿಗೆ ಬದಲಿಸುವ ನಮ್ಮ ಮಕ್ಕಳಿಗೆ ಇದು ಕಷ್ಟ ಆಗಬಾರದು. ಆ ವಿದ್ಯೆಗೆ ಮಾತ್ರ ಗ್ರೇಸ್ ಮಾರ್ಕ್ ಇಲ್ಲ.

ಯಾವುದು ಮೊದಲು ನೋಡಬೇಕು ಅಂತ ಕೇಳುವವರಿಗೆ: ಮನೆಯಲ್ಲಿ ಡಬ್ಲ್ಯೂಡಬ್ಲ್ಯೂಇ ಅನ್ನುವ ಟಿವಿ ಕುಸ್ತಿಯ ಹುಚ್ಚಿನ ಮಕ್ಕಳಿದ್ದರೆ 'ಫೈಟಿಂಗ್ ವಿತ್ ಮೈ ಫ್ಯಾಮಿಲಿ'. ನಾರ್ವಿಚ್ ಊರಿನ ಕುಸ್ತಿ ಮನೆತನದ ಹುಡುಗಿ ಪೇಜ್ ಅವರ ನಿಜ ಕಥೆ, ದೊಡ್ಡ ಪಂದ್ಯದ ದೃಶ್ಯವನ್ನು ಲಾಸ್ ಏಂಜಲೀಸಿನಲ್ಲಿ ನಿಜವಾದ ಕುಸ್ತಿ ನೋಡಲು ಬಂದಿದ್ದ ಜನರ ಎದುರೇ ತೆಗೆದದ್ದು. ಆಮೇಲೆ 'ಲೇಡಿ ಮ್ಯಾಕ್‌ಬೆತ್', ಮಕ್ಕಳನ್ನು ಮಲಗಿಸಿ. 'ಮಿಡ್‌ಸೊಮ್ಮರ್' ಕೊನೆಗೆ ಇರಲಿ. ರಾತ್ರಿಯಿಡೀ ಕೋಲ, ತೆಯ್ಯಂ ನೋಡಿ ಬೆಳೆದ ನಮಗೆ ಹಗಲು ಬೆಳಕಿನಲ್ಲೇ ಹೆದರಿಸುವ ಜಾತ್ರೆ ಹೊಸದು. ಊಟ ಮಾಡುತ್ತಾ ನೋಡಬೇಡಿ, ಅಪ್ಪ ಅಮ್ಮನ ಪಕ್ಕ ಕೂತು ಅಂತೂ ಬೇಡವೇ ಬೇಡ.